'ಮಾನ್ಸೂನ್ ಸೀಸನ್' ಮತ್ತು ದಕ್ಷಿಣದ ರ‍್ಯಾಪ್: ಕೇಳುಗರ ತಕರಾರುಗಳು

ಹನುಮಾನ್‌ಕೈಂಡ್ ಎಂಬ ಹೆಸರಿನಲ್ಲಿ ಹಾಡುವ ಸೂರಜ್ ಚೆರುಕಾಟ್ ಅವರ 'ಮಾನ್ಸೂನ್ ಸೀಸನ್' 2025ರ ಜುಲೈ 25ರಂದು ಹೊರಬಂತು. ಅದಕ್ಕೂ ಮೊದಲು ಅವರಿಂದ ಬಂದಿದ್ದವು ಬಿಡಿ ಹಾಡುಗಳು ಮತ್ತು 2019ರ 'ಕಳರಿ'ಯಂಥ ಕಿರುಸಂಕಲನ. ಹಾಗಾಗಿ ಪೂರ್ಣ ಪ್ರಮಾಣದ ಮೊದಲ ಕೃತಿಯೆಂದು ಕೇಳುಗರು ಎಣಿಸಿದ್ದು ಇದನ್ನೇ. ಹೊರತಂದವರು ಮಾತ್ರ ಅದನ್ನು ಆಲ್ಬಂ ಎನ್ನದೆ ಮಿಕ್ಸ್‌ಟೇಪ್ ಎಂದರು. ಹಿಪ್‌ಹಾಪ್ ಲೋಕದಲ್ಲಿ ಈ ಎರಡೂ ಒಂದೇ ಅಲ್ಲ. ಆಲ್ಬಂಗೆ ಒಂದು ಕಟ್ಟು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹರಿಯುವ ಒಂದು ಸೂತ್ರ ಇರಬೇಕೆಂಬ ನಿರೀಕ್ಷೆ ಇರುತ್ತದೆ. ಮಿಕ್ಸ್‌ಟೇಪ್‌ಗೆ ಆ ಹೊಣೆ ಇಲ್ಲ, ಬಗೆಬಗೆಯ ಹಾಡುಗಳನ್ನು ಒಟ್ಟಿಗೆ ಇಟ್ಟುಕೊಟ್ಟರೂ ನಡೆಯುತ್ತದೆ. ಅಭಿಪ್ರಾಯಗಳು ಮೊದಲು ಒಡೆದದ್ದು ಇಲ್ಲಿಯೇ. ಹೆಸರೇ ಮಿಕ್ಸ್‌ಟೇಪ್ ಎಂದಮೇಲೆ ಏಕಸೂತ್ರ ಹುಡುಕುವುದು ತಪ್ಪು ಎಂದರು ಕೆಲವರು. ಜಗತ್ತಿನ ದೊಡ್ಡ ಕಂಪನಿಯೊಂದು ಬೆನ್ನಿಗಿದ್ದು, ಅಮೆರಿಕದ ಹೆಸರಾಂತ ರ‍್ಯಾಪರ್‌ಗಳು ಬಂದು ದನಿಗೂಡಿಸಿರುವ ಕೃತಿಯನ್ನು ಆಲ್ಬಂನ ಅಳತೆಯಲ್ಲೇ ತೂಗಬೇಕು, ಹೆಸರು ಬದಲಿಸಿ ಪರೀಕ್ಷೆ ತಪ್ಪಿಸಿಕೊಳ್ಳಬಾರದು ಎಂದರು ಇನ್ನು ಕೆಲವರು. ಎರಡನೆಯ ವಾದವೇ ಹೆಚ್ಚು ಗಟ್ಟಿಯಾದದ್ದು.

ಈ ಕೃತಿಯ ಮೇಲೆ ಬಿದ್ದ ಭಾರವೆಲ್ಲ ಒಂದು ಹಾಡಿನದು. 2024ರ ಜುಲೈಯಲ್ಲಿ ಬಂದ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೆಯ ಸ್ಥಾನದವರೆಗೆ ಏರಿತು. ಭಾರತದಲ್ಲಿ ಇದ್ದುಕೊಂಡು ಹಾಡುವ ರ‍್ಯಾಪರ್‌ಗೆ ಅಂಥ ಜಾಗ ಅದುವರೆಗೆ ದಕ್ಕಿರಲಿಲ್ಲ. ಕಲ್ಮಿ ಅವರ ಸಂಗೀತ, ಬಿಜೋಯ್ ಶೆಟ್ಟಿ ಅವರ ನಿರ್ದೇಶನ. ಚಿತ್ರೀಕರಣ ನಡೆದದ್ದು ಕೇರಳದ ಪೊನ್ನಾನಿಯಲ್ಲಿ, ಜಾತ್ರೆಗಳಲ್ಲಿ ಮರದ ಹಲಗೆ ಕಟ್ಟಿ ನಿಲ್ಲಿಸುವ 'ಮೌತ್ ಕಾ ಕುವಾ'ದ ಒಳಗೆ. ಕಾರು, ಬೈಕುಗಳು ಗೋಡೆಯ ಮೇಲೆ ಅಡ್ಡಡ್ಡ ಸುತ್ತುವಾಗ ಕೆಳಗೆ ನಿಂತು ಹಾಡುವ ಆ ದೃಶ್ಯವನ್ನು ನೋಡಿದವರಲ್ಲಿ ಹಾಡಿನ ಇಂಗ್ಲಿಷ್ ಮಾತುಗಳು ಪೂರ್ತಿ ತಿಳಿಯದವರೂ ಬಹಳ ಮಂದಿ. ಹೊರದೇಶದವರು ಹಾಡು ಕೇಳುತ್ತಾ ಬೆರಗಾಗುವ ತಮ್ಮದೇ ಮುಖವನ್ನು ಚಿತ್ರೀಕರಿಸಿ ಹಂಚಿದ ವಿಡಿಯೊಗಳು ನಮ್ಮಲ್ಲಿ ಮೂಲ ಹಾಡಿನಷ್ಟೇ ಓಡಿದವು. ಮೆಚ್ಚುವ ಮೊದಲು ಪರರು ಮೆಚ್ಚಿದ್ದಾರೆಯೇ ಎಂದು ನೋಡಿಕೊಳ್ಳುವ ಈ ಚಾಳಿ ರ‍್ಯಾಪ್‌ಗಷ್ಟೇ ಸೀಮಿತವಲ್ಲ.

2025ರ ಮಾರ್ಚ್‌ನಲ್ಲಿ ಬಂದ 'ರನ್ ಇಟ್ ಅಪ್' ಚಂಡೆಯ ಬಡಿತದ ಮೇಲೆ ನಿಂತ ಹಾಡು. ಅದರ ವಿಡಿಯೊದಲ್ಲಿ ಕೇರಳದ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್‌ತಾ, ಮಹಾರಾಷ್ಟ್ರದ ಮರ್ದಾನಿ ಖೇಳ್ ಎಲ್ಲವೂ ಇವೆ. ಅದೇ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಅದನ್ನು ಹೆಸರಿಸಿದರು. ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದ ವೇದಿಕೆಯಲ್ಲಿ ಚಂಡೆಯವರ ಜೊತೆಗೆ ಅದು ಮೊಳಗಿತು. ಜುಲೈಯಲ್ಲಿ ಸಂಕಲನ ಬರುವಷ್ಟರಲ್ಲಿ ಕೇಳುಗರ ಮನಸ್ಸಿನಲ್ಲಿ ಒಂದು ಅಚ್ಚು ಬಿದ್ದಾಗಿತ್ತು: ವೇಗ, ಬಡಿತ, ಬೆವರು, ಧೈರ್ಯದ ಆಟ. ಆದರೆ ಸಂಕಲನದಲ್ಲಿ ಇದ್ದದ್ದು ಅದಷ್ಟೇ ಅಲ್ಲ. 'ಹಾಲಿಡೇ'ಯಂಥ ಸಡಿಲ ಲಯದ, ರಾಗದತ್ತ ವಾಲುವ ಹಾಡುಗಳೂ, ತನ್ನನ್ನೇ ಪ್ರಶ್ನಿಸಿಕೊಳ್ಳುವ ಹಾಡುಗಳೂ ಅದರಲ್ಲಿವೆ. 'ಬಿಗ್ ಡಾಗ್ಸ್' ಬಿಸಿಯನ್ನೇ ಕಾದಿದ್ದವರಿಗೆ ಇದು ತಣ್ಣಗಾಯಿತು. ಒಂದೇ ಹಾಡಿನ ರ‍್ಯಾಪರ್ ಎಂಬ ಮಾತನ್ನು ಅಳಿಸಲು ಇದೇ ಬೇಕಿತ್ತು ಎಂದು ಮೆಚ್ಚಿದವರೂ ಇದ್ದಾರೆ. ಎರಡೂ ಬಗೆಯ ಹಾಡುಗಳನ್ನು ಕೇಳಿ ನೋಡಿದರೆ ಹಾಡುಗಾರನ ಗಂಟಲಿನ ಹರವು ಗೊತ್ತಾಗುತ್ತದೆ. ಹಾಡಿನಿಂದ ಹಾಡಿಗೆ ದಾಟುವಾಗ ಸೂತ್ರ ಕಡಿಯುವುದೂ ಗೊತ್ತಾಗುತ್ತದೆ.

ಅತಿಥಿಗಳ ವಿಷಯದಲ್ಲಿಯೂ ಒಮ್ಮತವಿಲ್ಲ. ಏಸ್ಯಾಪ್ ರಾಕಿ, ಡೆನ್ಜೆಲ್ ಕರಿ, ಮ್ಯಾಕ್ಸೊ ಕ್ರೀಮ್ ಮುಂತಾದವರು ಇಲ್ಲಿ ಬಂದಿದ್ದಾರೆ. ಮನೆಯವನ ದನಿ ಅತಿಥಿಗಳ ನಡುವೆ ಮಂಕಾಗಿದೆ ಎಂಬ ದೂರು ಒಂದು ಕಡೆ. ಅವರ ಪಕ್ಕದಲ್ಲಿ ಅಳುಕದೆ ನಿಂತದ್ದೇ ಸಾಧನೆ ಎಂಬ ಸಮಾಧಾನ ಇನ್ನೊಂದು ಕಡೆ. ಈ ಅತಿಥಿಗಳ ಊರುಗಳನ್ನು ಗಮನಿಸಿದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ. ಮ್ಯಾಕ್ಸೊ ಕ್ರೀಮ್ ಹ್ಯೂಸ್ಟನ್ನಿನವರು, ಡೆನ್ಜೆಲ್ ಕರಿ ಫ್ಲೋರಿಡಾದವರು. ನ್ಯೂಯಾರ್ಕಿನವರಾದ ರಾಕಿ ಕೂಡ ತಮ್ಮ ಮೊದಲ ದಿನಗಳಲ್ಲಿ ಹ್ಯೂಸ್ಟನ್ ಶೈಲಿಗೆ ಮಾರುಹೋಗಿದ್ದವರು. ಮಲಪ್ಪುರಂ ಜಿಲ್ಲೆಯಲ್ಲಿ ಹುಟ್ಟಿದ ಸೂರಜ್ ಬೆಳೆದದ್ದು ಅದೇ ಹ್ಯೂಸ್ಟನ್ನಿನಲ್ಲಿ. ಆಮೇಲೆ ಕೊಯಮತ್ತೂರಿನಲ್ಲಿ ಕಾಲೇಜು, ಬೆಂಗಳೂರಿನಲ್ಲಿ ನೌಕರಿ, ಆ ನೌಕರಿ ಬಿಟ್ಟು ರ‍್ಯಾಪ್.

ಹ್ಯೂಸ್ಟನ್ ಎಂದರೆ ಡಿಜೆ ಸ್ಕ್ರೂ ಅವರ ಊರು. 1990ರ ದಶಕದಲ್ಲಿ ಅವರು ಹಾಡುಗಳ ವೇಗ ಇಳಿಸಿ, ದನಿಯನ್ನು ದಪ್ಪಗಾಗಿಸಿ, ಸಾಲುಗಳನ್ನು ಕತ್ತರಿಸಿ ಮರುಕಳಿಸುವ ಕ್ಯಾಸೆಟ್‌ಗಳನ್ನು ಮಾಡಿ ಹಂಚಿದರು. ಟೆಕ್ಸಸ್ಸಿನದೇ ಆದ ಯುಜಿಕೆ ಜೋಡಿಯ ಎಳೆದು ಆಡುವ ಮಾತಿನ ಧಾಟಿಯೂ ಈ ಪರಂಪರೆಯದು. ಹನುಮಾನ್‌ಕೈಂಡ್ ಉಚ್ಚಾರ ಕೇಳಿ 'ಇದು ಅಮೆರಿಕದವರ ನಕಲು' ಎಂದು ತಳ್ಳಿಹಾಕಿದ ಭಾರತೀಯ ಕೇಳುಗರು ಈ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬಾಲ್ಯದಲ್ಲಿ ಬೀದಿಯಲ್ಲಿ ಕಲಿತ ಮಾತನ್ನು ನಕಲು ಎನ್ನಲಾಗದು. ಆದರೆ ಆ ದೂರಿನ ಒಳಗೆ ಇನ್ನೊಂದು ಪ್ರಶ್ನೆ ಇದೆ, ಅದು ಅಷ್ಟು ಸುಲಭದ್ದಲ್ಲ: ಮಾತು ಹ್ಯೂಸ್ಟನ್ನಿನದು, ಚಂಡೆ ಕೇರಳದ್ದು, ವೇದಿಕೆ ಬೆಂಗಳೂರಿನದು ಎಂದಾದರೆ ಹಾಡು ಯಾರ ಪರವಾಗಿ ಮಾತಾಡುತ್ತಿದೆ?

ಅಮೆರಿಕದಲ್ಲಿಯೂ ದಕ್ಷಿಣದವರ ಮೊದಲ ಆಲ್ಬಂಗಳಿಗೆ ಇದೇ ಪ್ರಶ್ನೆ ಎದುರಾಗಿತ್ತು. ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಯ ಮೊದಲ ಆಲ್ಬಂ 1994ರಲ್ಲಿ ಬಂತು. 'ಸದರ್ನ್‌ಪ್ಲೇಯಲಿಸ್ಟಿಕ್ಯಾಡಿಲಾಕ್‌ಮ್ಯೂಜಿಕ್' ಎಂಬ ಅದರ ಹೆಸರನ್ನು ಒಂದೇ ಉಸಿರಿಗೆ ಹೇಳುವುದೇ ಒಂದು ರ‍್ಯಾಪ್. ಆಗ ಹಿಪ್‌ಹಾಪ್ ಎಂದರೆ ನ್ಯೂಯಾರ್ಕ್ ಇಲ್ಲವೆ ಲಾಸ್ ಏಂಜಲೀಸ್, ದಕ್ಷಿಣದವರೆಂದರೆ ಹಳ್ಳಿಗಮಾರರು. 1995ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಈ ಜೋಡಿಗೆ ಹೊಸಬರ ಪ್ರಶಸ್ತಿ ಬಂದಾಗ ಸಭಿಕರು ಹೋ ಎಂದು ಕೂಗಿ ಛೀಮಾರಿ ಹಾಕಿದರು. ದಕ್ಷಿಣಕ್ಕೂ ಹೇಳುವುದಿದೆ ಎಂದು ಜೋಡಿಯಲ್ಲೊಬ್ಬರಾದ ಆಂಡ್ರೆ 3000 ವೇದಿಕೆಯಿಂದ ಕೊಟ್ಟ ಉತ್ತರ ಮುಂದೆ ಆ ಭಾಗದ ಸಂಗೀತಗಾರರಿಗೆಲ್ಲ ಘೋಷಣೆಯಂತಾಯಿತು. ಒಂಬತ್ತು ವರ್ಷಗಳ ಬಳಿಕ, 2004ರಲ್ಲಿ, ಅದೇ ಜೋಡಿಗೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಬಂತು. ಮೊದಲ ಆಲ್ಬಂ ಬಗ್ಗೆ ಕೇಳುಗರು ಆಡಿದ ಮಾತು ಹಾಡಿಗಿಂತ ಹೆಚ್ಚಾಗಿ ಊರಿನ ಬಗ್ಗೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಭಾರತದ ದಕ್ಷಿಣದಲ್ಲಿ ತಕರಾರು ಭಾಷೆಯಿಂದ ಆರಂಭವಾಯಿತು. 1994ರ 'ಕಾದಲನ್' ಚಿತ್ರಕ್ಕೆ ಎ.ಆರ್. ರೆಹಮಾನ್ ಮಾಡಿದ 'ಪೇಟ್ಟೈ ರ‍್ಯಾಪ್' ಮದ್ರಾಸಿನ ಬಡಾವಣೆಯ ಮಾತನ್ನು ತಾಳಕ್ಕೆ ಕೂರಿಸಿತ್ತು. ತಮಿಳಿನಲ್ಲಿ ಪೂರ್ಣ ಆಲ್ಬಂಗಳ ಹಾದಿ ತೆರೆದದ್ದು ಮಲೇಷ್ಯಾದ ಯೋಗಿ ಬಿ ಮತ್ತು ನಟ್ಚತ್ರ ತಂಡ, 2006ರ 'ವಲ್ಲವನ್' ಮೂಲಕ. ಇಳಯರಾಜ ಅವರ ಹಳೆಯ ಗೀತೆಯೊಂದನ್ನು ಅದರಲ್ಲಿ ರ‍್ಯಾಪ್‌ಗೆ ಹೊಂದಿಸಿದ್ದರು. ತಮಿಳುನಾಡಿನ ಒಳಗಿನಿಂದ ಬಂದ ಮುಖ್ಯ ಮೊದಲ ಆಲ್ಬಂ 2012ರ 'ಹಿಪ್ ಹಾಪ್ ತಮಿಳನ್'. ಅದನ್ನು ಮಾಡಿದ ಹಿಪ್‌ಹಾಪ್ ತಮಿಳಾ ಜೋಡಿಯ ಅದಕ್ಕೂ ಹಿಂದಿನ 'ಕ್ಲಬ್ಬುಲೆ ಮಬ್ಬುಲೆ' ಹಾಡು ಕುಡಿಯುವ ಹುಡುಗಿಯರನ್ನು ಹೀಗಳೆಯುತ್ತದೆ ಎಂಬ ಖಂಡನೆಗೆ ಗುರಿಯಾಗಿತ್ತು. ಭಾಷಾಭಿಮಾನದ ಕಾರಣಕ್ಕೆ ಕೊಂಡಾಡಿದವರು ಮತ್ತು ಹೆಣ್ಣಿನ ಬಗೆಗಿನ ಧೋರಣೆಯ ಕಾರಣಕ್ಕೆ ಬೈದವರು ಬೇರೆಬೇರೆ ಹಾಡು ಕೇಳಿದವರಲ್ಲ.

ತಮಿಳಿನ ದಲಿತ ರ‍್ಯಾಪರ್ ಅರಿವು ಅವರ ಪ್ರಕರಣ ಇನ್ನೂ ಆಳದ್ದು. ಚಿತ್ರ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ಟೆನ್ಮಾ ಕಟ್ಟಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡದಿಂದ ಬಂದ ಅವರು ಆಫ್‌ರೋ ಜೊತೆ 2019ರಲ್ಲಿ 'ತೆರುಕ್ಕುರಲ್' ಎಂಬ ಆಲ್ಬಂ ಮಾಡಿದರು. 2021ರ 'ಎಂಜಾಯ್ ಎಂಜಾಮಿ'ಯಲ್ಲಿ ತಮ್ಮ ಅಜ್ಜಿ ವಳ್ಳಿಯಮ್ಮನ ಬದುಕನ್ನು, ಸಿಲೋನಿನ ಚಹಾ ತೋಟಗಳಲ್ಲಿ ದುಡಿದು ಮರಳಿದವರ ಬವಣೆಯನ್ನು ತಂದರು. ಆ ಹಾಡು ಕುಣಿಸಿದ್ದು ಕೋಟ್ಯಂತರ ಜನರನ್ನು. ಅದೇ ವರ್ಷ ಆ ಹಾಡಿನ ಪ್ರಸ್ತಾಪವಿದ್ದ ಸಂಗೀತ ಪತ್ರಿಕೆಯೊಂದರ ಮುಖಪುಟದಲ್ಲಿ ಅರಿವು ಅವರ ಚಿತ್ರ ಕಾಣದಾದಾಗ ರಂಜಿತ್ ಬಹಿರಂಗವಾಗಿ ಆಕ್ಷೇಪಿಸಿದರು. ಪತ್ರಿಕೆ ಆಮೇಲೆ ಅವರದೇ ಮುಖಪುಟವೊಂದನ್ನು ಪ್ರಕಟಿಸಿತು. ಹಾಡು ಯಾರದು ಎಂಬ ಪ್ರಶ್ನೆ ಜಾತಿಯ ಪ್ರಶ್ನೆಯೂ ಹೌದು ಎಂಬುದನ್ನು ಆಗ ಕೇಳುಗರು ಬಾಯಿಬಿಟ್ಟು ಹೇಳಿದರು. ಕೇರಳದಲ್ಲಿ ರ‍್ಯಾಪರ್ ವೇಡನ್ ಅವರ ರಚನೆಯನ್ನು ಕಲ್ಲಿಕೋಟೆ ವಿಶ್ವವಿದ್ಯಾಲಯದ ಪಠ್ಯಕ್ಕೆ ಸೇರಿಸಿದ ಬಗ್ಗೆ 2025ರಲ್ಲಿ ಎದ್ದ ವಾದವೂ ಇದೇ ದಾರಿಯದು. ಹನುಮಾನ್‌ಕೈಂಡ್ ಇಂಗ್ಲಿಷಿನಲ್ಲಿ ಹಾಡುವುದರಿಂದ ಇಂಥ ಜಗಳಗಳ ಹೊರಗೇ ಉಳಿದರು. ಅದು ಅವರಿಗೆ ಅನುಕೂಲವೂ ಹೌದು, ಕೊರತೆಯೂ ಹೌದು.

ಕನ್ನಡದ ಕಡೆಗೆ ಬಂದರೆ ಮೊದಲು ಕಾಣುವುದು ಆಲ್ಬಂಗಳಲ್ಲ, ಬಿಡಿ ಹಾಡುಗಳು. ಬೆಂಗಳೂರಿನಲ್ಲಿ ಮಚಾಸ್ ವಿತ್ ಆಟಿಟ್ಯೂಡ್ ತಂಡದಿಂದ ಬಂದ ಬ್ರೋಧಾ ವಿ 2012ರಲ್ಲಿ 'ಆತ್ಮ ರಾಮ' ಮಾಡಿದಾಗ ಇಂಗ್ಲಿಷ್ ರ‍್ಯಾಪ್ ಜೊತೆ ರಾಮಸ್ತುತಿ ಬೆರೆಯಿತು. ಕನ್ನಡದ ಮಾತಿನಲ್ಲಿ ಮನೆಮನೆಗೆ ಹೋದವರು ಚಂದನ್ ಶೆಟ್ಟಿ ಮತ್ತು ಆಲ್ ಓಕೆ ಹೆಸರಿನ ಅಲೋಕ್. 'ಹಾಳಾಗೋದೆ', '3 ಪೆಗ್' ಹಾಡುಗಳನ್ನು ಹುಡುಗರು ಕುಣಿದು ಸ್ವೀಕರಿಸಿದರು, ಹಿರಿಯರು ಕುಡಿತದ ಪ್ರಚಾರವೆಂದು ಮುಖ ಸಿಂಡರಿಸಿದರು; ಹಾಗೆ ಸಿಂಡರಿಸಿದವರ ಮನೆಯ ಮದುವೆಗಳಲ್ಲಿಯೂ ಆ ಹಾಡುಗಳು ಮೊಳಗಿದವು. ಚಂದನ್ 2018ರಲ್ಲಿ ಬಿಗ್ ಬಾಸ್ ಗೆದ್ದರು. ಅದೇ ವರ್ಷ 'ಅಂತ್ಯ' ಚಿತ್ರದ ಗಾಂಜಾ ಕುರಿತ ಹಾಡಿಗಾಗಿ ಬೆಂಗಳೂರಿನ ಸಿಸಿಬಿ ಪೊಲೀಸರಿಂದ ನೋಟಿಸ್ ಪಡೆದರು. 2020ರ ಆಗಸ್ಟ್‌ನಲ್ಲಿ ಮಲೆಮಹದೇಶ್ವರನ ಭಕ್ತರ 'ಕೋಲುಮಂಡೆ' ಪದವನ್ನು ರ‍್ಯಾಪ್‌ಗೆ ಅಳವಡಿಸಿದಾಗ, ವಿಡಿಯೊದಲ್ಲಿ ಮಹದೇಶ್ವರನ ಭಕ್ತೆ ಸಂಕಮ್ಮನನ್ನು ತೋರಿಸಿದ ರೀತಿ ಭಕ್ತರನ್ನು ಕೆರಳಿಸಿತು. ಚಂದನ್ ಕ್ಷಮೆ ಕೇಳಿದರು, ಹಾಡನ್ನು ಹೊರತಂದಿದ್ದ ಆನಂದ್ ಆಡಿಯೊ ವಿಡಿಯೊವನ್ನು ತೆಗೆಯಿತು. ಈ ಮೂರೂ ಸಂದರ್ಭಗಳಲ್ಲಿ ಚರ್ಚೆಯಾದದ್ದು ಹೆಂಡ, ಗಾಂಜಾ, ದೇವರು. ಪ್ರಾಸ ಹೇಗಿತ್ತು, ಲಯ ಎಲ್ಲಿ ಎಡವಿತು ಎಂಬ ಮಾತು ಬರಲೇ ಇಲ್ಲ. ಒಂದೊಂದೇ ಹಾಡು ಬಂದು ಹೋಗುವಾಗ ಕೇಳುಗರ ತೀರ್ಪೂ ನೀತಿಯ ತೀರ್ಪಾಗಿಯೇ ಉಳಿಯುವುದು ಸಹಜ. ಹತ್ತು ಹನ್ನೆರಡು ಹಾಡುಗಳ ಆಲ್ಬಂ ಆದರೆ ಮಾತ್ರ ಕಸುಬಿನ ಬಗ್ಗೆ ಮಾತಾಡಲು ಜಾಗವಾಗುತ್ತದೆ.

ಮರಾಠವಾಡದ ಗಡಿಯ ಉಮರಗಾ, ನಿಲಂಗಾ, ಉದಗೀರಗಳನ್ನು, ಕೇಳುಗರು ರ‍್ಯಾಪನ್ನು ಹೇಗೆ ತೂಗುತ್ತಾರೆ ಎಂಬ ಪ್ರಶ್ನೆಯಲ್ಲಿ, ಬೇರೆಯಾಗಿಯೇ ನೋಡಬೇಕು. ಉದಗೀರ ಮತ್ತು ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರ ಭಾಗವಾದವು. ಉಮರಗಾ ಇಂದಿನ ಧಾರಾಶಿವ ಜಿಲ್ಲೆಯದು, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಅಲ್ಲಿಂದ ಗಡಿ ದಾಟಿದರೆ ಬಸವಕಲ್ಯಾಣ, ಹುಮನಾಬಾದ್, ಇನ್ನೊಂದು ಕಡೆಗೆ ಆಳಂದ. ಉದಗೀರದಿಂದ ರೈಲು ನೇರ ಬೀದರಿಗೆ ಬರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ, ಸಿನಿಮಾದಲ್ಲಿ ಹಿಂದಿ ಮತ್ತು ತೆಲುಗು ಎಂಬ ಬದುಕು ಇಲ್ಲಿ ವಿಶೇಷವಲ್ಲ.

ಇಂಥ ಕಿವಿಗೆ ರ‍್ಯಾಪ್ ಬಂದದ್ದು ಒಂದೇ ದಿಕ್ಕಿನಿಂದಲ್ಲ. ಹೈದರಾಬಾದಿನ ರುಹಾನ್ ಅರ್ಷದ್ ಅವರ 'ಮಿಯಾ ಭಾಯಿ' ದಖನಿ ಮಾತಿನಲ್ಲಿಯೇ ಇತ್ತು. ಬೀದರಿನಿಂದ ಉದಗೀರದವರೆಗೆ ಅದಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ. ಪುಣೆಯ ಎಂಸಿ ಸ್ಟ್ಯಾನ್ 2020ರಲ್ಲಿ 'ತಡೀಪಾರ್' ಎಂಬ ಮೊದಲ ಆಲ್ಬಂ ಮಾಡಿ, 2023ರಲ್ಲಿ ಹಿಂದಿಯ ಬಿಗ್ ಬಾಸ್ ಗೆದ್ದರು. ಅವರ ಬಗ್ಗೆ ಕೇಳುಗರು ಎರಡು ಪಾಲಾದದ್ದು ಬೈಗುಳದ ಮಾತಿನಿಂದ ಮತ್ತು ಯಂತ್ರದಿಂದ ತಿದ್ದಿದ ದನಿಯಿಂದ. ಅದೇ 2023ರಲ್ಲಿ ಮರಾಠವಾಡದವರೇ ಆದ, ಛತ್ರಪತಿ ಸಂಭಾಜಿನಗರದ ರಾಜ್ ಮುಂಗಾಸೆ ಶಾಸಕರು ಹಣಕ್ಕೆ ಬಣ ಬದಲಿಸಿದರೆಂಬ 'ಐವತ್ತು ಖೋಕೆ' (ಐವತ್ತು ಕೋಟಿ) ಆರೋಪದ ರಾಜಕೀಯವನ್ನು ಮರಾಠಿ ರ‍್ಯಾಪಿನಲ್ಲಿ ಹಾಡಿದಾಗ ಅವರ ಮೇಲೆ ಪೊಲೀಸ್ ದೂರು ದಾಖಲಾಯಿತು. ಆ ಹಾಡು ಚೆನ್ನಾಗಿತ್ತೇ ಇಲ್ಲವೇ ಎಂಬ ಪ್ರಶ್ನೆಯನ್ನು ಆಮೇಲೆ ಕೇಳುವುದೇ ಕಷ್ಟವಾಯಿತು. ಪರ ವಿರೋಧವೆಲ್ಲ ಪಕ್ಷದ ಪ್ರಕಾರ ನಡೆಯಿತು.

ಆದರೆ ತಾಳಕ್ಕೆ ಸರಿಯಾಗಿ ಮಾತು ಹೊಡೆಯುವುದು, ಎದುರಾಳಿಯನ್ನು ಕೆಣಕುವುದು, ಹೆಸರು ಹಿಡಿದು ಆಳುವವರನ್ನು ಕೇಳುವುದು ಈ ಸೀಮೆಗೆ ಹೊಸತಲ್ಲ. ಡಫಿನ ಮೇಲೆ ಶಾಹೀರರು ಹಾಡುವ ಪೋವಾಡದಲ್ಲಿ ಕಥನವೂ ಕೂಗೂ ಸೇರಿರುತ್ತವೆ. ಅಣ್ಣಾಭಾವೂ ಸಾಠೆ, ವಾಮನದಾದಾ ಕರ್ಡಕ್ ಅವರ ರಚನೆಗಳು ಚಳವಳಿಯ ಹಾಡುಗಳಾದವು. ಮಂಗಳವೇಢೆಯ ಪ್ರಹ್ಲಾದ ಶಿಂದೆ ಮತ್ತು ಅವರ ಮಕ್ಕಳ ದನಿಯಲ್ಲಿ ಭೀಮಗೀತೆಗಳು ಕ್ಯಾಸೆಟ್ ಕಾಲದಲ್ಲಿ ಹಳ್ಳಿಹಳ್ಳಿಗೆ ಹೋದವು. ಕನ್ನಡದ ಕಡೆಯಿಂದ ಗೀಗೀ ಪದದ ಹರದೇಶಿ–ನಾಗೇಶಿ ವಾಗ್ವಾದವಿದೆ: ಒಬ್ಬರು ಗಂಡು ಹೆಚ್ಚೆಂದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ಸವಾಲು ಜವಾಬು. ಅಲ್ಲಿ ಕೇಳುಗರೇ ಪಂಚರು, ಮಾತಿಗೆ ಮಾತು ಕೊಡಲಾಗದವರು ಸೋತಂತೆ. ಇದರಲ್ಲಿ ಪಳಗಿದ ಕೇಳುಗರಿಗೆ ರ‍್ಯಾಪ್ ಬ್ಯಾಟಲ್ ಎಂದರೇನೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಅವರು ಹುಡುಕುವುದು ಬೇರೆ: ಮಾತು ತಿರುಗಿ ಬಂತೇ, ಪೆಟ್ಟು ಬಿತ್ತೇ ಎಂದು. ಈ ಅಳತೆಯಲ್ಲಿ 'ಮಾನ್ಸೂನ್ ಸೀಸನ್' ಬಡಿತದಲ್ಲಿ ಗೆದ್ದು ಮಾತಿನಲ್ಲಿ ದೂರ ಉಳಿಯುತ್ತದೆ, ಏಕೆಂದರೆ ಅದರ ಇಂಗ್ಲಿಷ್ ಇಲ್ಲಿನ ಶಾಲೆಯ ಇಂಗ್ಲಿಷ್ ಅಲ್ಲ. 2022ರ ಏಪ್ರಿಲ್‌ನಲ್ಲಿ ಉದಗೀರದಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದಾಗ ಅದಕ್ಕೆ ಪ್ರತಿಯಾಗಿ ಅದೇ ಊರಿನಲ್ಲಿ ವಿದ್ರೋಹಿ ಸಾಹಿತ್ಯ ಸಮ್ಮೇಳನವೂ ನಡೆಯಿತು. ಯಾವ ಮಾತು ಸಾಹಿತ್ಯ, ಯಾವುದು ಬರೀ ಕೂಗು ಎಂಬುದರ ಬಗ್ಗೆ ಆ ಊರು ಒಂದೇ ಉತ್ತರಕ್ಕೆ ಒಪ್ಪುವಂಥದಲ್ಲ.

ಕಸುಬಿನ ದೃಷ್ಟಿಯಿಂದ ನೋಡಿದರೆ ಕನ್ನಡಕ್ಕೆ ರ‍್ಯಾಪ್ ಹೊಂದುವುದಿಲ್ಲ ಎಂಬ ಹಳೆಯ ದೂರಿನಲ್ಲಿ ಅರ್ಧ ಸತ್ಯವಿದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಕೊನೆಗೊಳ್ಳುತ್ತವೆ. ಕ್ರಿಯಾಪದಗಳ ಕೊನೆಗಳು ಒಂದೇ ಬಗೆಯವು. ಹಾಗಾಗಿ ಸಾಲಿನ ಕೊನೆಗೆ ಪ್ರಾಸ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಸಿಕ್ಕಿದ್ದು ಬೇಗ ಸಪ್ಪೆಯಾಗುತ್ತದೆ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟರು; ಹರಿಹರನ ರಗಳೆಗಳಲ್ಲಿ ಅದರ ಜೊತೆಗೆ ಅಂತ್ಯಪ್ರಾಸವೂ ಓಡುತ್ತದೆ. ಮರಾಠಿಯಲ್ಲಿ ಕೊನೆಯ ಅಕಾರ ಬಿದ್ದುಹೋಗಿ ಪದ ವ್ಯಂಜನಕ್ಕೆ ನಿಲ್ಲುವುದರಿಂದ ಬಡಿತ ತಾನಾಗಿ ಬರುತ್ತದೆ. ಬೆಂಗಳೂರಿನ ರ‍್ಯಾಪರ್‌ಗಳು ಕನ್ನಡಕ್ಕೆ ಇಂಗ್ಲಿಷ್ ಪದಗಳನ್ನು ಸೇರಿಸಿ ಆ ಬಡಿತವನ್ನು ಎರವಲು ತರುತ್ತಾರೆ. ಕಲಬುರಗಿ, ಬೀದರ್ ಸೀಮೆಯ ಮಾತಿಗೆ ಆ ಎರವಲು ಬೇಕಿಲ್ಲ. 'ಮಾಡ್ಲಕತ್ತೀನಿ', 'ಹೊಂಟಾನ' ಎನ್ನುವಾಗ ನಡುವಿನ ಸ್ವರ ಬಿದ್ದು ಒತ್ತಕ್ಷರ ಗಟ್ಟಿಯಾಗುತ್ತದೆ. ತಾಳದ ಪೆಟ್ಟು ಬೀಳಲು ಅಲ್ಲಿಯೇ ಜಾಗವಿದೆ. ರ‍್ಯಾಪ್‌ಗೆ ಒದಗುವ ಕನ್ನಡ ಬೆಂಗಳೂರಿನದಕ್ಕಿಂತ ಈ ಕಡೆಯದೇ ಹೆಚ್ಚು.

ಉಳಿದಿರುವುದು ಅಭಿಪ್ರಾಯ ದಾಖಲಾಗುವ ಬಗೆ. 'ಬಿಗ್ ಡಾಗ್ಸ್' ಬಗ್ಗೆ ಎಲ್ಲರಿಗೂ ಗೊತ್ತಿರುವುದು ಅಂಕಿಗಳು: 23ನೆಯ ಸ್ಥಾನ, ಕೋಟಿ ವೀಕ್ಷಣೆ. ವೀಕ್ಷಣೆಯ ಲೆಕ್ಕದಲ್ಲಿ ಬೈಯಲು ಬಂದವನೂ ಒಬ್ಬ, ಕುಣಿಯಲು ಬಂದವನೂ ಒಬ್ಬ. ಬಿಡಿ ಹಾಡಿನ ವೀಕ್ಷಣೆ ಸಂಕಲನದ ಎಂಟನೆಯ ಹಾಡಿನ ಬಗ್ಗೆ ಏನನ್ನೂ ಹೇಳದು, ಮತ್ತು 'ಮಾನ್ಸೂನ್ ಸೀಸನ್' ಬಗ್ಗೆ ಆಡಿದ ಮಾತುಗಳಲ್ಲಿ ಹೆಚ್ಚಿನವು ಸಂಕಲನ ಬರುವ ಮೊದಲೇ ಗೊತ್ತಿದ್ದ ಹಾಡುಗಳ ಸುತ್ತಲೇ ತಿರುಗಿದವು. ಕನ್ನಡ ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ವಾರವಾರ ಬರುತ್ತದೆ, ಪುಸ್ತಕ ವಿಮರ್ಶೆಗೆ ಭಾನುವಾರದ ಪುಟವಿದೆ. ಸಿನಿಮಾದ ಹೊರಗೆ ಹುಟ್ಟುವ ಆಲ್ಬಂಗಳಿಗೆ ಅಂಥ ನಿಯತ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಬೀದರ್, ಕಲಬುರಗಿ ಆವೃತ್ತಿಗಳಲ್ಲಾದರೂ ಗಡಿಯಾಚೆಯ ಮರಾಠಿ, ದಖನಿ ರ‍್ಯಾಪನ್ನೂ ಈಚೆಯ ಕನ್ನಡ ರ‍್ಯಾಪನ್ನೂ ಒಟ್ಟಿಗೆ ಕೇಳಿ ಬರೆಯುವ ಒಂದು ಅಂಕಣವನ್ನು ಸಂಪಾದಕರು ಆರಂಭಿಸಬೇಕು.